ಕೋವಿ ಮಾರಿದ ಮೇಲೆ ಕಾಗದಪತ್ರ ಇಟ್ಟುಕೊಳ್ಳಬೇಕೆ?

ಓದುಗರ ಕಾನೂನು ಪ್ರಶ್ನೆಗಳಿಗೆ ವಕೀಲರ ಉತ್ತರ

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ. ವಯಸ್ಸು ಎಪ್ಪತ್ತು ದಾಟಿದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ 12 ಬೋರಿನ ಜೋಡಿ ನಳಿಗೆಯ ಕೋವಿ ನನ್ನಲ್ಲಿದೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದು, ಅವರಿಗೆ ಇದು ಬೇಡವಾಗಿದೆ. ಪಕ್ಕದ ಊರಿನ ಪರಿಚಿತರೊಬ್ಬರು ಕೊಳ್ಳಲು ಮುಂದೆ ಬಂದಿದ್ದಾರೆ. ಅವರಿಗೂ ಪರವಾನಗಿ ಇದೆ. ಗುರುತಿನವರ ನಡುವೆ ಕಾಗದಪತ್ರ ಏಕೆ ಎಂದು ಕೆಲವರು ಹೇಳಿದರೆ, ಛಾಪಾ ಕಾಗದದ ಮೇಲೆ ಕರಾರು ಬರೆಸಿ ನೋಟರಿ ಮಾಡಿಸಿದರೆ ಸಾಕು ಎಂದು ಇನ್ನು ಕೆಲವರು ಹೇಳುತ್ತಾರೆ. ಯಾವ ದಾಖಲೆಗಳನ್ನು ಇಟ್ಟುಕೊಳ್ಳಬೇಕು, ಎಷ್ಟು ವರ್ಷ ಇಟ್ಟುಕೊಳ್ಳಬೇಕು?

ಉತ್ತರ: ದಾಖಲೆ ಇಟ್ಟುಕೊಳ್ಳಲೇಬೇಕು, ನೀವು ಬದುಕಿರುವವರೆಗೂ ಇಟ್ಟುಕೊಳ್ಳಬೇಕು, ನಿಮ್ಮ ನಂತರ ಅದು ಎಲ್ಲಿದೆ ಎಂಬುದು ಮಕ್ಕಳಿಗೆ ಗೊತ್ತಿರಬೇಕು. ಆದರೆ ನಿಮಗೆ ಸಲಹೆ ಕೊಟ್ಟ ಎರಡೂ ಪಕ್ಷದವರು ಒಂದು ಮುಖ್ಯ ಸಂಗತಿಯನ್ನು ಮರೆತಿದ್ದಾರೆ. ಕೋವಿ ಮಾರಾಟದ ಕಾಗದಪತ್ರ ಮಾರಾಟದ ದಿನ ಹುಟ್ಟುವುದಲ್ಲ. ಅದಕ್ಕೂ ಕನಿಷ್ಠ ಒಂದೂವರೆ ತಿಂಗಳ ಮೊದಲೇ ಅದು ಆರಂಭವಾಗಿರಬೇಕು.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ವ್ಯಾಪಾರದ ಪರವಾನಗಿ ಇಲ್ಲದವರು ಶಸ್ತ್ರ ಮಾರುವಂತಿಲ್ಲ. ಸ್ವಂತ ಬಳಕೆಗೆ ಕಾನೂನುಬದ್ಧವಾಗಿ ಇಟ್ಟುಕೊಂಡ ಕೋವಿಯನ್ನು, ಅದನ್ನು ಹೊಂದಲು ಅರ್ಹನಾದ ಇನ್ನೊಬ್ಬನಿಗೆ ಮಾರಲು ಅದೇ ಕಲಮಿನ ಎರಡನೇ ಉಪಕಲಮು ಅವಕಾಶ ಕೊಡುತ್ತದೆ, ಆದರೆ ಎರಡು ಷರತ್ತುಗಳ ಮೇಲೆ. ಮಾರುವ ಉದ್ದೇಶವನ್ನೂ ಕೊಳ್ಳುವವರ ಹೆಸರು ಮತ್ತು ವಿಳಾಸವನ್ನೂ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಯ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಹಾಗೆ ತಿಳಿಸಿದ ಮೇಲೆ ಕನಿಷ್ಠ 45 ದಿನ ಕಳೆದಿರಬೇಕು. ನಿಮ್ಮ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳೇ ಜಿಲ್ಲಾ ದಂಡಾಧಿಕಾರಿಗಳು. ಬೆಂಗಳೂರಿನಂತಹ ಕಮಿಷನರೇಟ್ ನಗರಗಳಲ್ಲಿ ಆ ಸ್ಥಾನ ಪೊಲೀಸ್ ಆಯುಕ್ತರದು. ಈ ಷರತ್ತುಗಳನ್ನು ಪಾಲಿಸದೆ ಎಷ್ಟೇ ಬೆಲೆಯ ಛಾಪಾ ಕಾಗದದ ಮೇಲೆ ಕರಾರು ಬರೆಸಿದರೂ, ನೋಟರಿಯ ಮುದ್ರೆ ಎಷ್ಟೇ ಸ್ಪಷ್ಟವಾಗಿದ್ದರೂ, ಮಾರಾಟ ಕಾನೂನಿಗೆ ವಿರುದ್ಧವಾಗಿಯೇ ಉಳಿಯುತ್ತದೆ. ಅಷ್ಟೇ ಅಲ್ಲ, ಅಂತಹ ಕರಾರು ನಿಮ್ಮ ತಪ್ಪಿಗೆ ನೀವೇ ಸಹಿ ಹಾಕಿಕೊಟ್ಟ ಸಾಕ್ಷಿಯಾಗುತ್ತದೆ. ಆದ್ದರಿಂದ ನಿಮ್ಮ ಕಡತದ ಮೊದಲ ಹಾಳೆ ಕರಾರುಪತ್ರವಲ್ಲ, ಈ ತಿಳಿವಳಿಕೆ ಪತ್ರದ ಸ್ವೀಕೃತಿ ಪ್ರತಿ. ಪತ್ರವನ್ನು ಎರಡು ಪ್ರತಿ ಮಾಡಿ, ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ, ಸಹಿ ಮತ್ತು ಕಚೇರಿಯ ಮೊಹರು ಹಾಕಿಸಿಕೊಳ್ಳಿ. ಕಾನೂನು ಎರಡರಲ್ಲಿ ಒಂದು ಕಡೆ ತಿಳಿಸಿದರೆ ಸಾಕೆನ್ನುತ್ತದೆ. ನಾನು ಎರಡೂ ಕಡೆ ಕೊಡಿ ಎನ್ನುತ್ತೇನೆ, ಏಕೆಂದರೆ ಒಂದು ಕಚೇರಿಯಲ್ಲಿ ಪತ್ರ ಕಾಣೆಯಾದರೂ ಇನ್ನೊಂದು ಕಡೆ ಅದು ಸಿಗುತ್ತದೆ.

45 ದಿನಗಳ ಅವಧಿಯಲ್ಲಿ ಕೋವಿ ನಿಮ್ಮ ಮನೆಯಲ್ಲೇ ಇರಬೇಕು. ‘ಒಯ್ದು ನೋಡಿ, ಸರಿಹೋದರೆ ಆಮೇಲೆ ದುಡ್ಡು ಕೊಡಿ’ ಎಂದು ಕೊಟ್ಟು ಕಳುಹಿಸುವುದು ಮಲೆನಾಡಿನಲ್ಲಿ ಸಹಜವೆನಿಸಬಹುದು, ಆದರೆ ಕಾಯ್ದೆಯ ವ್ಯಾಖ್ಯೆಯಲ್ಲಿ ವರ್ಗಾವಣೆ ಎಂದರೆ ಮಾರುವುದಷ್ಟೇ ಅಲ್ಲ; ಬಾಡಿಗೆಗೆ ಕೊಡುವುದು, ಎರವಲು ಕೊಡುವುದು, ಸುಮ್ಮನೆ ಕೊಡುವುದು, ಸ್ವಾಧೀನ ಬಿಟ್ಟುಕೊಡುವುದು ಎಲ್ಲವೂ ಅದರಲ್ಲಿ ಸೇರಿದೆ. ಮುಂಗಡ ಹಣ ಪಡೆಯುವುದಿದ್ದರೆ ಪಡೆಯಿರಿ, ಕೋವಿಯನ್ನು ಮಾತ್ರ ಕೈಬಿಡಬೇಡಿ.

ಈ ಸಮಯವನ್ನು ಕೊಳ್ಳುವವರ ಅರ್ಹತೆ ಪರಿಶೀಲಿಸಲು ಬಳಸಿಕೊಳ್ಳಿ. ‘ಅವರಿಗೂ ಪರವಾನಗಿ ಇದೆ’ ಎಂದು ನೀವು ಬರೆದಿದ್ದೀರಿ. ಅದನ್ನು ಕಣ್ಣಾರೆ ಕಂಡಿದ್ದೀರಾ? ಎದುರಿನವರು ಶಸ್ತ್ರ ಹೊಂದಲು ಅರ್ಹರೆಂದು ಮೊದಲೇ ಖಚಿತಪಡಿಸಿಕೊಳ್ಳದೆ ಕೈಗೆ ಕೊಡುವುದನ್ನೇ ಕಾಯ್ದೆಯ 29ನೇ ಕಲಮು ಅಪರಾಧವೆಂದು ಎಣಿಸುತ್ತದೆ. ವಿಚಾರಿಸುವ ಹೊಣೆ ನಿಮ್ಮದು, ವಿಚಾರಿಸಿದ್ದಿರಿ ಎಂದು ತೋರಿಸಬೇಕಾದವರೂ ನೀವೇ. ಮೂಲ ಪರವಾನಗಿಯನ್ನೇ ನೋಡಿ. ಅದರ ಅವಧಿ ಮುಗಿದಿಲ್ಲವೇ, ನಿಮ್ಮ ಕೋವಿಯ ಬಗೆ ಅದರಲ್ಲಿ ಸೇರಿದೆಯೇ, ಅದರಲ್ಲಿ ಈಗಾಗಲೇ ಎಷ್ಟು ಶಸ್ತ್ರಗಳು ನಮೂದಾಗಿವೆ ಎಂಬುದನ್ನು ಗಮನಿಸಿ. ಕೊನೆಯದು ಮುಖ್ಯ: 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರೊಬ್ಬರು ಹೊಂದಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಎರಡು ಕೋವಿ ಇದ್ದವರಿಗೆ ನೀವು ಮೂರನೆಯದನ್ನು ಮಾರಿದರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ಪರವಾನಗಿಯ ಎಲ್ಲ ಪುಟಗಳ ಪ್ರತಿಯನ್ನೂ ಗುರುತಿನ ಚೀಟಿಯ ಪ್ರತಿಯನ್ನೂ ಅವರ ಸಹಿಯೊಂದಿಗೆ ಪಡೆಯಿರಿ. ಗುರುತಿನ ಚೀಟಿಯ ಪ್ರತಿಯ ಮೇಲೆ ಅದನ್ನು ಯಾವ ಉದ್ದೇಶಕ್ಕೆ ಕೊಟ್ಟದ್ದೆಂದು ಅವರೇ ಬರೆಯಲಿ, ಅದು ಅವರ ಹಿತಕ್ಕೂ ಒಳ್ಳೆಯದು. 45 ದಿನ ಕಳೆದರೆ ಸಾಕು ಎಂಬುದು ಕಾಯ್ದೆಯ ಮಾತಾದರೂ, ಅವರ ಪರವಾನಗಿಯಲ್ಲಿ ಈ ಕೋವಿಯನ್ನು ಸೇರಿಸಿಕೊಳ್ಳಲು ಪರವಾನಗಿ ಪ್ರಾಧಿಕಾರಕ್ಕೆ ಆಕ್ಷೇಪವಿಲ್ಲವೆಂಬ ಲಿಖಿತ ಉತ್ತರ ಬರುವವರೆಗೆ ಕಾಯುವುದು ಕ್ಷೇಮ. ಕಚೇರಿಯ ಮೌನವನ್ನು ಒಪ್ಪಿಗೆ ಎಂದು ಅರ್ಥೈಸಿಕೊಂಡು ಮುಂದುವರಿಯಬೇಡಿ.

ಕೋವಿಯ ಸಂಖ್ಯೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಹಳೆಯ ಕೋವಿಗಳಲ್ಲಿ ತೊಡಕು ಹುಟ್ಟುವುದೇ ಇಲ್ಲಿ. ತೋಟದ ಮನೆಗಳಲ್ಲಿರುವ ಎಷ್ಟೋ ಕೋವಿಗಳು ಎರಡು ಮೂರು ತಲೆಮಾರು ಕಂಡಿರುತ್ತವೆ. ಸಂಖ್ಯೆ ತುಕ್ಕಿನಲ್ಲಿ ಮಾಸಿರುತ್ತದೆ, ಇಲ್ಲವೇ ಪರವಾನಗಿ ಪುಸ್ತಕವನ್ನು ಹೊಸದಾಗಿ ಬರೆಯುವಾಗ ಗುಮಾಸ್ತರು ಒಂದು ಅಂಕಿಯನ್ನು ತಪ್ಪಾಗಿ ಇಳಿಸಿರುತ್ತಾರೆ. ಮಾರಾಟಕ್ಕೆ ಮೊದಲೇ ಕೋವಿಯನ್ನು ಖಾಲಿ ಮಾಡಿ, ನಳಿಗೆಯ ಮೇಲೂ ಕೀಲಿನ ಭಾಗದ ಮೇಲೂ ಕೆತ್ತಿರುವ ಸಂಖ್ಯೆಗಳನ್ನು ಹಗಲು ಬೆಳಕಿನಲ್ಲಿ ಓದಿ, ಪರವಾನಗಿಯಲ್ಲಿರುವುದರೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಮಾರಾಟವನ್ನು ನಿಲ್ಲಿಸಿ, ಮೊದಲು ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಸರಿಪಡಿಸಿಕೊಳ್ಳಿ. ತಪ್ಪು ಸಂಖ್ಯೆಯ ರಸೀದಿ ಇದ್ದರೆ, ನೀವು ಮಾರಿದ್ದು ಬೇರೆ ಕೋವಿ, ಪರವಾನಗಿಯಲ್ಲಿದ್ದದ್ದು ಎಲ್ಲೋ ಕಾಣೆಯಾಗಿದೆ ಎಂಬ ಅರ್ಥ ಬರುತ್ತದೆ. ಆಗ ರಸೀದಿ ಇಲ್ಲದಿದ್ದರೇ ಮೇಲೆಂದು ಅನಿಸುವಷ್ಟು ತೊಂದರೆಯಾದೀತು.

ಇನ್ನು ಹಸ್ತಾಂತರದ ದಿನದ ರಸೀದಿ. ಇದರ ನಮೂನೆ ಸರಳವಾಗಿರಲಿ. ಇಬ್ಬರ ಹೆಸರು, ತಂದೆಯ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಮತ್ತು ಶಸ್ತ್ರ ಪರವಾನಗಿಗಳ ರಾಷ್ಟ್ರೀಯ ದತ್ತಸಂಚಯದಲ್ಲಿ ಕೊಟ್ಟಿರುವ ವಿಶಿಷ್ಟ ಗುರುತಿನ ಸಂಖ್ಯೆ, ಕೋವಿಯ ಬಗೆ, ಬೋರು, ತಯಾರಕರ ಹೆಸರು, ಕೆತ್ತಿದ ಸಂಖ್ಯೆ, ಬೆಲೆ, ತಿಳಿವಳಿಕೆ ಪತ್ರ ಕೊಟ್ಟ ದಿನಾಂಕ, ಹಸ್ತಾಂತರದ ದಿನಾಂಕದ ಜೊತೆಗೆ ಸಮಯವನ್ನೂ ಬರೆಯಿರಿ, ಏಕೆಂದರೆ ಅದೇ ಸಂಜೆ ಏನಾದರೂ ಅನಾಹುತವಾದರೆ ಕೋವಿ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ಗಂಟೆಯ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಇಬ್ಬರೂ ಸಹಿ ಮಾಡಿ, ಇಬ್ಬರು ಸಾಕ್ಷಿಗಳಿಂದ ಸಹಿ ಹಾಕಿಸಿ, ಆಳಿಗೊಂದು ಮೂಲ ಪ್ರತಿ ಇಟ್ಟುಕೊಳ್ಳಿ. ನೋಟರಿ ಬೇಕೇ ಬೇಕೆಂದಿಲ್ಲ. ಮಾಡಿಸಿದರೆ ತಪ್ಪೂ ಇಲ್ಲ. ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಉಳಿದ ತೋಟಾಗಳನ್ನು ‘ಇವೂ ಇರಲಿ’ ಎಂದು ಜೊತೆಗೆ ಕೊಟ್ಟುಬಿಡಬೇಡಿ. ಮದ್ದುಗುಂಡಿಗೂ ಇದೇ 45 ದಿನದ ನಿಯಮ ಅನ್ವಯಿಸುತ್ತದೆ, ಆದ್ದರಿಂದ ಅವುಗಳ ಸಂಖ್ಯೆಯೂ ಮೊದಲ ಪತ್ರದಲ್ಲೇ ಇರಬೇಕು.

ಮಾರಿದ ಮೇಲೆ ನಿಮ್ಮ ಪರವಾನಗಿಯಿಂದ ಆ ಕೋವಿಯ ನಮೂದನ್ನು ತೆಗೆಸಬೇಕು. ಬೇರೆ ಶಸ್ತ್ರ ಇಲ್ಲದಿದ್ದರೆ ಪರವಾನಗಿಯನ್ನೇ ಒಪ್ಪಿಸಿ ಅದಕ್ಕೂ ಸ್ವೀಕೃತಿ ಪಡೆಯಬೇಕು. ಕೊಂಡವರು ತಮ್ಮ ಪರವಾನಗಿಯಲ್ಲಿ ಅದನ್ನು ನಮೂದಿಸಿಕೊಂಡ ಪುಟದ ಪ್ರತಿಯನ್ನು ಕೇಳಿ ಪಡೆಯಿರಿ. ನನ್ನ ದೃಷ್ಟಿಯಲ್ಲಿ ಇಡೀ ಕಡತದಲ್ಲಿ ಅತ್ಯಂತ ಬೆಲೆಯುಳ್ಳ ಹಾಳೆ ಇದೇ, ಏಕೆಂದರೆ ರಸೀದಿ ನೀವಿಬ್ಬರು ಹೇಳಿದ ಮಾತು, ನಮೂದು ಸರ್ಕಾರ ಒಪ್ಪಿಕೊಂಡ ಮಾತು. ಇದನ್ನು ಮಾಡದೆ ಬಿಟ್ಟರೆ, ಮುಂದೆ ಚುನಾವಣೆ ಘೋಷಣೆಯಾಗಿ ಠಾಣೆಯವರು ಕೋವಿಗಳನ್ನು ಠೇವಣಿ ಇಡಲು ಹೇಳುವಾಗ ಅವರ ಪಟ್ಟಿಯಲ್ಲಿ ನಿಮ್ಮ ಹೆಸರೇ ಇರುತ್ತದೆ.

ಎಷ್ಟು ವರ್ಷ ಎಂಬುದಕ್ಕೆ ಕಾರಣ ಹೇಳುತ್ತೇನೆ. ತಿಳಿಸದೆ, ಅಥವಾ 45 ದಿನ ತುಂಬುವ ಮೊದಲು ಮಾರಿದ್ದಕ್ಕೆ 25ನೇ ಕಲಮಿನ ಮೂರನೇ ಉಪಕಲಮಿನಲ್ಲಿ 6 ತಿಂಗಳವರೆಗಿನ ಸೆರೆವಾಸವಿದೆ. ಇದು ಚಿಕ್ಕದೆಂದು ಕಾಣಬಹುದು. ಆದರೆ ಕೊಂಡವರು ಅರ್ಹರೇ ಆಗಿರಲಿಲ್ಲ ಎಂದಾದರೆ, ವಿಷಯ 5ನೇ ಕಲಮಿನ ಉಲ್ಲಂಘನೆಯಾಗಿ ಬೆಳೆಯುತ್ತದೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ವಿಧಿಸಬಹುದು. ನಮ್ಮ ದಂಡಪ್ರಕ್ರಿಯೆಯಲ್ಲಿ 3 ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಮೊಕದ್ದಮೆ ಹೂಡಲು ಕಾಲಮಿತಿಯೇ ಇಲ್ಲ. ಹಾಗಿರುವಾಗ ‘ಐದು ವರ್ಷ ಆಯಿತು, ಇನ್ನು ಹರಿದು ಹಾಕಬಹುದು’ ಎನ್ನಲು ಆಧಾರವೆಲ್ಲಿದೆ? ಚೆನ್ನಾಗಿ ಎಣ್ಣೆ ಹಚ್ಚಿಟ್ಟ ಕೋವಿ ಐವತ್ತು ವರ್ಷದ ನಂತರವೂ ಸಿಡಿಯುತ್ತದೆ, ಅಷ್ಟರಲ್ಲಿ ಅದು ಎಷ್ಟೋ ಕೈ ದಾಟಿರಬಹುದು, ಯಾವುದೋ ಪ್ರಕರಣದಲ್ಲಿ ಸಿಕ್ಕಾಗ ಪೊಲೀಸರು ಸಂಖ್ಯೆ ಹಿಡಿದು ಹಳೆಯ ಒಡೆಯರ ಬಾಗಿಲಿಗೇ ಬರುತ್ತಾರೆ. ಮೂಲ ಪ್ರತಿಗಳನ್ನು ಜಮೀನಿನ ಪತ್ರಗಳ ಜೊತೆಗೆ ಇಡಿ. ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದೇ, ಆದರೆ ಅದು ಮೂಲಕ್ಕೆ ಬದಲಿಯಲ್ಲ.

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ನನ್ನ ಒಂಟಿ ನಳಿಗೆಯ ಕೋವಿಯನ್ನು ಪರವಾನಗಿ ಇದ್ದ ಪರಿಚಿತರೊಬ್ಬರಿಗೆ ಬಾಯಿಮಾತಿನ ಮೇಲೆ ಮಾರಿದೆ. ಯಾವ ಕಾಗದವೂ ಇಲ್ಲ. ಹಳೆಯ ದಿನಾಂಕ ಹಾಕಿ ಈಗ ಒಂದು ರಸೀದಿ ಬರೆಸಿಕೊಳ್ಳಬಹುದೇ? — ಸಾಗರದಿಂದ ಓದುಗರು

ಉತ್ತರ: ಖಂಡಿತ ಬೇಡ. ಹಿಂದಿನ ದಿನಾಂಕದ ರಸೀದಿ ಸುಳ್ಳು ದಾಖಲೆ. ಈಗಿರುವ ಲೋಪಕ್ಕೆ ಅದು ಇನ್ನೊಂದು ಅಪರಾಧವನ್ನು ಸೇರಿಸುತ್ತದೆ. ಮೊದಲು ಕೋವಿ ಈಗಲೂ ಅವರಲ್ಲೇ ಇದೆಯೇ, ಅವರ ಪರವಾನಗಿಯಲ್ಲಿ ನಮೂದಾಗಿದೆಯೇ ಎಂದು ತಿಳಿದುಕೊಳ್ಳಿ. ನಿಮ್ಮ ಪರವಾನಗಿ ಕಡತದಲ್ಲಿ ಏನಿದೆ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಪಡೆಯಬಹುದು. ಅವರ ಹೆಸರಿನಲ್ಲಿ ನಮೂದು ಆಗಿದ್ದರೆ ನಿಮ್ಮ ಭಾರ ಬಹುಪಾಲು ಇಳಿಯುತ್ತದೆ. ನಮೂದಿನ ಪ್ರತಿ ಪಡೆದು, ನಡೆದ ಸಂಗತಿಯನ್ನು ಇಂದಿನ ದಿನಾಂಕದಲ್ಲೇ ವಿವರಿಸುವ ಹೇಳಿಕೆಗೆ ಇಬ್ಬರೂ ಸಹಿ ಮಾಡಿ ಇಟ್ಟುಕೊಳ್ಳಿ. ನಮೂದು ಆಗಿರದಿದ್ದರೆ, ಅಥವಾ ಕೋವಿ ಮತ್ತೆ ಬೇರೆಯವರ ಕೈಗೆ ಹೋಗಿದ್ದರೆ, ನೀವೇ ಠಾಣೆಗೆ ಹೋಗುವ ಮುನ್ನ ಕ್ರಿಮಿನಲ್ ವಕೀಲರೊಬ್ಬರನ್ನು ಕಂಡು, ಅವರ ಮೂಲಕ ಪರವಾನಗಿ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸಿ. ತಡಮಾಡಬೇಡಿ. ಕೋವಿ ಯಾವುದಾದರೂ ಪ್ರಕರಣದಲ್ಲಿ ಸಿಕ್ಕಿಬಿದ್ದ ಮೇಲೆ ಹೇಳುವ ಸತ್ಯಕ್ಕೂ ಅದಕ್ಕೆ ಮೊದಲೇ ಹೇಳಿದ ಸತ್ಯಕ್ಕೂ ತನಿಖಾಧಿಕಾರಿ ಕೊಡುವ ತೂಕ ಬೇರೆ.

ಪ್ರಶ್ನೆ: ತಂದೆಯವರು ತೀರಿಕೊಂಡಿದ್ದಾರೆ. ಅವರ ಕೆಟ್ಟುಹೋದ ಕೋವಿ ಅಟ್ಟದ ಮೇಲಿದೆ. ನಮ್ಮಲ್ಲಿ ಯಾರಿಗೂ ಪರವಾನಗಿ ಇಲ್ಲ. ಅದನ್ನು ನಾವು ಮಾರಬಹುದೇ? — ತೀರ್ಥಹಳ್ಳಿಯಿಂದ ಓದುಗರು

ಉತ್ತರ: ಮಾರಬಹುದು, ಆದರೆ ಅಟ್ಟದಿಂದ ನೇರವಾಗಿ ಅಲ್ಲ. ಪರವಾನಗಿದಾರರು ತೀರಿಕೊಂಡ ಮೇಲೆ ಆ ಕೋವಿ ಮನೆಯಲ್ಲಿರುವುದೇ ಕಾನೂನುಬಾಹಿರ. 21ನೇ ಕಲಮಿನಂತೆ ಅದನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಶಸ್ತ್ರ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಿರಿ. ಅಲ್ಲಿಂದ ಅರ್ಹರಾದವರಿಗೆ ಮಾರಲು ಕಾನೂನುಬದ್ಧ ವಾರಸುದಾರರು ಅಧಿಕಾರ ಕೊಡಬಹುದು. ನಿಗದಿತ ಅವಧಿಯೊಳಗೆ ಏನೂ ಮಾಡದಿದ್ದರೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ, ತಂದೆಯವರ ಪರವಾನಗಿ, ಠೇವಣಿ ರಸೀದಿ ಇವಿಷ್ಟನ್ನೂ ಒಟ್ಟಿಗೆ ಇಡಿ. ‘ಕೆಟ್ಟುಹೋದದ್ದು’ ಎಂಬ ಮಾತನ್ನು ನೆಚ್ಚಬೇಡಿ: ರಿಪೇರಿ ಮಾಡಿದರೂ ಸಿಡಿಯಲಾರದಂತಹ ಕೋವಿಗೆ ಮಾತ್ರ ಕಾಯ್ದೆಯಿಂದ ವಿನಾಯಿತಿಯಿದೆ, ಕುದುರೆ (ಗುಂಡು ಸಿಡಿಸುವ ಕೀಲು) ಮುರಿದಿದೆ ಎಂಬಷ್ಟಕ್ಕೆ ಅದು ಸಿಗದು.

ಪ್ರಶ್ನೆ: ಕೊಡಗಿನಲ್ಲಿ ನಮಗೆ ಪರವಾನಗಿಯೇ ಬೇಡ. ಹಾಗಾದರೆ ಮಾರುವಾಗ ದಾಖಲೆಯ ಅಗತ್ಯವಿದೆಯೇ? — ವಿರಾಜಪೇಟೆಯಿಂದ ಓದುಗರು

ಉತ್ತರ: ಇದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಹಿಡುವಳಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಆ ವಿನಾಯಿತಿ ನಿಮ್ಮದು, ಕೋವಿಯದಲ್ಲ. ಅದು ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ಮಾರುವುದಕ್ಕಲ್ಲ. ವಿನಾಯಿತಿ ಇಲ್ಲದವರ ಕೈಗೆ ಕೊಡವರ ಕೋವಿ ಹೋಗುವಾಗ ಅವರಿಗೆ ಪರವಾನಗಿ ಇರಲೇಬೇಕು. ವಿನಾಯಿತಿ ಇರುವವರಿಗೇ ಮಾರುವುದಾದರೂ ಅವರ ವಿನಾಯಿತಿ ಪತ್ರದ ಪ್ರತಿ ಪಡೆದು, ಮೇಲೆ ಹೇಳಿದಂತೆ ಜಿಲ್ಲಾಧಿಕಾರಿ ಕಚೇರಿಗೆ ಮೊದಲೇ ತಿಳಿಸಿ, 45 ದಿನ ಕಾದು, ನಿಮ್ಮ ಪತ್ರದಿಂದ ಆ ಕೋವಿಯ ವಿವರವನ್ನು ತೆಗೆಸಿಕೊಳ್ಳಿ.