ಓದುಗರ ಪ್ರಶ್ನೆ: ಟೇಪಿನಡಿ ನುಸುಳುವ ಬಣ್ಣ

ಪ್ರಶ್ನೆ: ಕ್ಯಾನ್ವಾಸಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಕ್ರಿಲಿಕ್‌ನಲ್ಲಿ ತ್ರಿಕೋನ, ಚೌಕಗಳ ಅಮೂರ್ತ ಚಿತ್ರ ರಚಿಸುತ್ತಿದ್ದೇನೆ. ಟೇಪ್ ಕಿತ್ತಾಗ ಅಂಚು ಗರಗಸದ ಹಲ್ಲಿನಂತಿರುತ್ತದೆ. ಏನು ಮಾಡಲಿ?

ಉತ್ತರ: ನೇಯ್ಗೆಯ ತಗ್ಗುಗಳಲ್ಲಿ ಟೇಪ್ ಪೂರ್ತಿ ಕೂರುವುದಿಲ್ಲವಾದ್ದರಿಂದ ನೀರು ಹೆಚ್ಚಾದ ಬಣ್ಣ ಆ ಸಂದುಗಳಲ್ಲಿ ಹರಿಯುತ್ತದೆ. ಮೊದಲು ಜೆಸ್ಸೋವನ್ನು (ಚಿತ್ರಕ್ಕೆ ಮುನ್ನ ಕ್ಯಾನ್ವಾಸಿಗೆ ಬಳಿಯುವ ತಳಲೇಪ) ಎರಡು ಮೂರು ಪದರ ಬಳಿದು, ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಉಜ್ಜಿಕೊಳ್ಳಿ. ಟೇಪಿನ ಅಂಚನ್ನು ಉಗುರಿನಿಂದ ಒತ್ತಿ, ಆ ಅಂಚಿನ ಮೇಲೆ, ಟೇಪಿನ ಅಡಿಯಲ್ಲಿ ಈಗಾಗಲೇ ಇರುವ ಬಣ್ಣವನ್ನೇ ಅಥವಾ ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ, ಹೊಳಪಿಲ್ಲದ ಅಕ್ರಿಲಿಕ್ ಲೇಪ) ಅನ್ನು ತೆಳುವಾಗಿ ಸವರಿ ಒಣಗಲು ಬಿಟ್ಟರೆ, ನುಸುಳುವುದೇನಿದ್ದರೂ ಅದೇ ನುಸುಳಿ ಸಂದು ಮುಚ್ಚುತ್ತದೆ. ಹೊಸ ಬಣ್ಣವನ್ನು ಆಮೇಲೆ ಹಚ್ಚಿ, ಅದು ಪೂರ್ತಿ ಬಿಗಿಯುವ ಮೊದಲೇ ಟೇಪನ್ನು ಹಿಂದಕ್ಕೆ ಮಡಿಸಿದಂತೆ ನಿಧಾನವಾಗಿ ಎಳೆಯಿರಿ. ಅಂದಹಾಗೆ, ಪ್ರತಿ ಅಂಚೂ ಬ್ಲೇಡಿನಲ್ಲಿ ಕೊಯ್ದಂತೆ ಇರಲೇಬೇಕೆಂದು ನನಗನ್ನಿಸುವುದಿಲ್ಲ: ‘ಬಿಂದು’ ಚಿತ್ರಗಳಿಂದ ಹೆಸರಾದ ಭಾರತೀಯ ಚಿತ್ರಕಲಾವಿದ ಎಸ್.ಎಚ್. ರಜಾ (1922–2016) ಅವರ ಅಕ್ರಿಲಿಕ್ ಕೃತಿಗಳಲ್ಲಿ ವೃತ್ತ, ತ್ರಿಕೋನಗಳ ನಡುವೆಯೂ ಕುಂಚದ ಜಾಡು ಕಾಣುತ್ತದೆ.