ಅವನ ಹೆಸರು ಬರೆದು ಕಳಿಸು

ಈ ವಾರ ಬಂದ ಪತ್ರಗಳಲ್ಲಿ ಒಂದು ನನ್ನ ನಿದ್ದೆ ಕೆಡಿಸಿತು. ಬರೆದವನು 15 ವರ್ಷದ ಹುಡುಗ. ಬೆಂಗಳೂರು ದಕ್ಷಿಣದ ಒಂದು ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ನೋಟ್‌ಬುಕ್‌ನಿಂದ ಹರಿದ ನಾಲ್ಕು ಹಾಳೆ, ಎರಡೂ ಬದಿ ತುಂಬ ಒತ್ತಿ ಬರೆದ ಅಕ್ಷರ. ಗುರುತು ಸಿಗುವಂಥದ್ದನ್ನೆಲ್ಲ ಬಿಟ್ಟು ಹೇಳುತ್ತೇನೆ.

ಎಂಟು, ಒಂಬತ್ತನೇ ಕ್ಲಾಸಿನಲ್ಲಿ ಇವನೇ ಕ್ಲಾಸಿನ ರೌಡಿ. ಬೇರೆಯವರ ಟಿಫನ್ ಬಾಕ್ಸ್ ಕಿತ್ತುಕೊಂಡು ತಿನ್ನುವುದು, ಬ್ಯಾಗಿನ ಜಿಪ್ ಎಳೆದು ಪುಸ್ತಕ ಸುರಿಯುವುದು, ಬಸ್ಸಿನಲ್ಲಿ ಹಿಂದಿನಿಂದ ತಲೆಗೆ ಹೊಡೆದು ಯಾರು ಅಂತ ಹೇಳು ನೋಡೋಣ ಎನ್ನುವುದು, ಕಂಡಕಂಡವರಿಗೆ ಅಡ್ಡಹೆಸರು ಇಡುವುದು. ಕಳೆದ ಬೇಸಿಗೆ ರಜೆಯಲ್ಲಿ ಅಜ್ಜಿ ಆಸ್ಪತ್ರೆಯಲ್ಲಿದ್ದರು. ಪಕ್ಕದಲ್ಲಿ ಕೂತಿದ್ದವನನ್ನು ಒಂದು ದಿನ ಕೇಳಿದರಂತೆ: 'ಸ್ಕೂಲಲ್ಲಿ ನಿನ್ನ ಕಂಡ್ರೆ ಎಲ್ರಿಗೂ ಇಷ್ಟ ಅಲ್ವೇನೋ?' ಇವನಿಗೆ ಮಾತು ಹೊರಡಲಿಲ್ಲ.

ಜೂನ್‌ನಿಂದ ಯಾರ ತಂಟೆಗೂ ಹೋಗಿಲ್ಲ. ಆದರೆ ನಂಬುವವರಿಲ್ಲ. ಯಾರದಾದರೂ ಜಾಮಿಟ್ರಿ ಬಾಕ್ಸ್ ಕಾಣದಿದ್ದರೆ ಮೊದಲು ಇವನ ಬ್ಯಾಗ್ ನೋಡುತ್ತಾರೆ. ಪೋಷಕರ ಸಭೆಯಲ್ಲಿ ಅಮ್ಮ ತಲೆ ತಗ್ಗಿಸಿ ಕೂರುತ್ತಾರೆ. ಹುಟ್ಟುಹಬ್ಬಕ್ಕೆ ಇಡೀ ಕ್ಲಾಸಿಗೆ ಚಾಕೊಲೇಟ್ ಹಂಚಿದರೆ ಮೂರು ಜನ ಅದನ್ನು ಡೆಸ್ಕ್ ಮೇಲೇ ಬಿಟ್ಟು ಹೋದರು. ಸ್ಕೌಟ್ಸ್ ಸೇರಿದ, ಶಾಲೆಯ ಶ್ರಮದಾನಕ್ಕೆ ಮೊದಲು ಹೆಸರು ಕೊಟ್ಟ. ಹಳೇ ಗ್ಯಾಂಗು 'ಏನ್ ಮಗಾ, ಸ್ವಾಮೀಜಿ ಆಗ್ಬಿಟ್ಯಾ?' ಎಂದು ನಗುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ. ಕೊನೆಯ ಸಾಲು ಹೀಗಿದೆ: 'ಮೇಡಂ, ನನ್ನ ಹೆಸರು ಹಾಳಾಗಿದೆ. ಎಸ್‌ಎಸ್‌ಎಲ್‌ಸಿ ಮುಗಿಯೋದ್ರೊಳಗೆ ಸರಿ ಮಾಡ್ಕೋಬೇಕು. ಏನು ಮಾಡ್ಲಿ?'

ನೋಡಪ್ಪಾ, ಮೊದಲು ನಿನ್ನ ಪರವಾಗಿ ಒಂದು ಮಾತು. ಏನೇ ಕಳೆದುಹೋದರೂ ನಿನ್ನ ಬ್ಯಾಗ್ ಹುಡುಕುವುದು ತಪ್ಪು. ನೀನು ಹಿಂದೆ ಹೇಗಿದ್ದೆಯೋ ಹೇಗಿರಲಿ, ಕಳ್ಳ ಆಗಿರಲಿಲ್ಲ. ನಿನ್ನ ಕ್ಲಾಸ್ ಟೀಚರ್ ನಿನ್ನ ಜೊತೆ ಚೆನ್ನಾಗಿ ಮಾತಾಡುತ್ತಾರೆ ಎಂದು ಬರೆದಿದ್ದೀಯ. ಅವರ ಹತ್ತಿರ ಹೋಗಿ, ಹುಡುಕುವುದಿದ್ದರೆ ಎಲ್ಲರ ಬ್ಯಾಗನ್ನೂ ಹುಡುಕಿ ಮೇಡಂ ಎಂದು ಕೇಳು. ಹಾಗೆ ಕೇಳುವ ಹಕ್ಕು ನಿನಗಿದೆ. ಅಜ್ಜಿಯ ಒಂದು ಪ್ರಶ್ನೆಗೆ ಮೂರು ತಿಂಗಳು ಉತ್ತರ ಹುಡುಕುವ ಹುಡುಗನ ಮೇಲೆ ನನಗೆ ನಂಬಿಕೆ ಇದೆ. ಇದನ್ನು ಸುಮ್ನೆ ಹೇಳುತ್ತಿಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಇದಲ್ಲ. ಮೂರನೇ ಹಾಳೆಯ ಹಿಂಬದಿಯಲ್ಲಿ, ಚಾಕೊಲೇಟ್ ಕಥೆಗೂ ಸ್ಕೌಟ್ಸ್ ಕಥೆಗೂ ನಡುವೆ, ನೀನು ಎರಡು ಸಾಲು ಬರೆದಿದ್ದೀಯ: 'ಆ … ಮಾತ್ರ ನನ್ನ ಮುಖ ನೋಡಲ್ಲ. ಹೋದ ವರ್ಷದಿಂದ ನಮ್ಮ ಬಸ್ಸಲ್ಲೂ ಬರಲ್ಲ, 7 ಗಂಟೆ ಬಸ್ಸಿಗೆ ಬಂದು ವಾಚ್‌ಮನ್ ಹತ್ರ ಕೂತಿರ್ತಾನೆ, ಟ್ಯೂಷನ್ ಇರಬೇಕು.'

ಖಾಲಿ ಬಿಟ್ಟ ಜಾಗದಲ್ಲಿ ನೀನು ಒಂದು ಅಡ್ಡಹೆಸರು ಬರೆದಿದ್ದೆ. ಅವನ ಮೈಯನ್ನು ಆಡಿಕೊಳ್ಳುವ ಹೆಸರು. ಅದನ್ನು ನಾನು ಅಚ್ಚು ಹಾಕುವುದಿಲ್ಲ. ಮತ್ತೆ ಕೂತು ಎಣಿಸಿದೆ. ನಾಲ್ಕು ಹಾಳೆಯಲ್ಲಿ ಆ ಹುಡುಗ ಐದು ಸಲ ಬರುತ್ತಾನೆ. ಐದು ಸಲವೂ ಅದೇ ಹೆಸರು. ಅವನ ಅಪ್ಪ ಅಮ್ಮ ಇಟ್ಟ ಹೆಸರು ಒಂದು ಸಲವೂ ಇಲ್ಲ. ಅದೂ 'ನನ್ನ ಹೆಸರು ಸರಿ ಮಾಡ್ಕೋಬೇಕು' ಎಂದು ಕೇಳುವ ಪತ್ರದಲ್ಲಿ!

ಟ್ಯೂಷನ್ ಅಲ್ಲಪ್ಪಾ ಅದು. ವಾಚ್‌ಮನ್ ಕುರ್ಚಿಯ ಪಕ್ಕ ಯಾರೂ ಟ್ಯೂಷನ್ ಮಾಡುವುದಿಲ್ಲ. ನಿಮ್ಮ ಬಸ್ 8 ಗಂಟೆ 10 ನಿಮಿಷಕ್ಕೆ ಎಂದು ಬರೆದಿದ್ದೀಯ. ಅವನು 7ಕ್ಕೇ ಹೊರಡುತ್ತಾನೆ. ಅಂದರೆ ಅವನ ಅಮ್ಮ 5 ಗಂಟೆಗೆ ಎದ್ದು ಅವನ ಡಬ್ಬಿಗೆ ತಿಂಡಿ ಮಾಡಬೇಕು. ನೀನು ಮನೆಯಲ್ಲಿ ಹಲ್ಲುಜ್ಜುವ ಹೊತ್ತಿಗೆ ಅವನು ಗೇಟಿನ ಹತ್ತಿರ ಕೂತಿರುತ್ತಾನೆ. ದಿನಕ್ಕೆ ಒಂದು ಗಂಟೆ ಹತ್ತು ನಿಮಿಷ. ವರ್ಷಕ್ಕೆ 200 ದಿನಕ್ಕಿಂತ ಜಾಸ್ತಿ ಶಾಲೆ ನಡೆಯುತ್ತದೆ. ಲೆಕ್ಕ ನೀನೇ ಹಾಕು. ಅಷ್ಟು ಹೊತ್ತನ್ನು ಆ ಹುಡುಗ ನಿನ್ನ ಕಣ್ಣಿಗೆ ಬೀಳದೆ ಇರುವುದಕ್ಕೆ ಖರ್ಚು ಮಾಡಿದ್ದಾನೆ.

ಈ ಅಂಕಣ ಓದುವವರಿಗೆ ಗೊತ್ತು, ಅಡ್ಡಹೆಸರಿನ ವಿಷಯದಲ್ಲಿ ನಾನು ತುಂಬ ಹಟ ಮಾಡುತ್ತೇನೆ. ಅದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ, ಕಡೇ ಕಾರ್ತಿಕ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಶಾಲೆಯ ಹಳೇ ಗೆಳತಿಯರ ಜೊತೆ ಹೋಗಿದ್ದೆ. ದೊಡ್ಡ ಬಸವಣ್ಣನ ದೇವಸ್ಥಾನದ ಕಡೆ ನೂಕುನುಗ್ಗಲು. ಒಬ್ಬಳು ಸೇರಿನಲ್ಲಿ ಕಾಯಿ ಅಳೆಸಿಕೊಳ್ಳುತ್ತಾ ನಿಂತಿದ್ದಳು. ನಮ್ಮ ಜೊತೆ ಓದಿದವಳು. ನಮ್ಮಲ್ಲೊಬ್ಬಳು ಖುಷಿಯಿಂದ ಅವಳ ಶಾಲೆಯ ಅಡ್ಡಹೆಸರು ಹಿಡಿದು ಜೋರಾಗಿ ಕೂಗಿದಳು. 50 ದಾಟಿದ ಹೆಂಗಸು, ಪಕ್ಕದಲ್ಲಿ ಮದುವೆಯಾದ ಮಗಳು. ತಿರುಗಿ ನೋಡಿದ ಆ ಮುಖವನ್ನು ನಾನು ಮರೆಯಲಾರೆ. ಕಾಯಿ ತೆಗೆದುಕೊಳ್ಳದೆಯೇ ಮಗಳ ಕೈ ಹಿಡಿದು ಜನರ ನಡುವೆ ಹೊರಟುಹೋದಳು. ಓಡಿಹೋಗಿ ಕರೆಯೋಣ ಎಂದುಕೊಂಡೆ. ಕರೆಯಲು ಅವಳ ಹೆಸರು ನೆನಪಾಗಲಿಲ್ಲ. ಐದು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಹಾಜರಿ ಕೂಗುವಾಗ ದಿನವೂ ಕೇಳಿದ್ದ ಹೆಸರು. ಆ ಅಡ್ಡಹೆಸರು ಇಟ್ಟಿದ್ದು ನಾನಲ್ಲ. ಆದರೆ ನಕ್ಕಿದ್ದೆ.

ನಾರ್ವೆಯಲ್ಲಿ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಶಾಲೆಯಲ್ಲಿ ಮಕ್ಕಳು ಮಕ್ಕಳಿಗೇ ಕೊಡುವ ಕಾಟವನ್ನು 1970ರ ದಶಕದಿಂದ ಅಧ್ಯಯನ ಮಾಡಿದವರು. ಕಾಟ ಎನ್ನಲು ಅವರು ಮೂರು ಗುರುತು ಹೇಳಿದರು. ಬೇಕೆಂದೇ ಮಾಡಬೇಕು. ಮತ್ತೆ ಮತ್ತೆ ಮಾಡಬೇಕು. ಎದುರಿನವನಿಗೆ ತಿರುಗಿ ನಿಲ್ಲುವ ಬಲ ಇರಬಾರದು. ತಲೆಗೆ ಹೊಡೆಯುವುದನ್ನು, ಡಬ್ಬಿ ಕಿತ್ತುಕೊಳ್ಳುವುದನ್ನು ನೀನು ಜೂನ್‌ನಲ್ಲಿ ನಿಲ್ಲಿಸಿದೆ, ಅವು ನಿಂತವು. ಅಡ್ಡಹೆಸರು ಹಾಗಲ್ಲ. ನೀನು ಮನೆಯಲ್ಲಿ ಮಲಗಿದ್ದರೂ ಅದು ಮೈದಾನದಲ್ಲಿ ಓಡಾಡುತ್ತಿರುತ್ತದೆ. ಆರನೇ ಕ್ಲಾಸಿನ ಚಿಕ್ಕ ಹುಡುಗರೂ ಅವನನ್ನು ಹಾಗೇ ಕರೆಯುತ್ತಾರೆ ಎಂದು ನೀನೇ ಬರೆದಿದ್ದೀಯ. ಅವರಿಗೆ ಇಟ್ಟವರು ಯಾರು ಅಂತಲೂ ಗೊತ್ತಿಲ್ಲ. ನಾನು ಬದಲಾಗಿದ್ದೇನೆ, ಇವರು ಯಾಕೆ ನಂಬುತ್ತಿಲ್ಲ ಎಂದು ಕೇಳುತ್ತೀಯ ಅಲ್ವಾ? ನಿನ್ನ ಹಳೇ ಕೆಲಸ ಇನ್ನೂ ನಡೆಯುತ್ತಲೇ ಇದೆ, ಅದಕ್ಕೆ.

ಈಗ ನಿಮ್ಮ ಪಿಟಿ ಮೇಷ್ಟ್ರ ವಿಷಯ. ಹೋದ ವರ್ಷದ ಸ್ಪೋರ್ಟ್ಸ್ ಡೇ ದಿನ ಅವರೂ ಮೈಕಿನಲ್ಲಿ ಅದೇ ಹೆಸರು ಕೂಗಿದರು, ಎಲ್ಲರೂ ನಕ್ಕರು ಎಂದು ಬರೆದಿದ್ದೀಯ. ನಿನ್ನ ಮೇಲಿರುವುದಕ್ಕಿಂತ ಹತ್ತು ಪಟ್ಟು ಸಿಟ್ಟು ನನಗೆ ಆ ಮನುಷ್ಯನ ಮೇಲಿದೆ. ನೀನು ಆ ಹೆಸರಿಟ್ಟಾಗ ನಿನಗೆ 13 ವರ್ಷ. ಅವರ ವಯಸ್ಸೆಷ್ಟು? ಸಂಬಳ ತೆಗೆದುಕೊಳ್ಳುವ ಮೇಷ್ಟ್ರು, ಅಪ್ಪ ಅಮ್ಮಂದಿರೆಲ್ಲ ಕೂತಿರುವ ಮೈದಾನದಲ್ಲಿ, ಒಂದು ಮಗುವಿನ ಮೈಯನ್ನು ಆಡಿಕೊಳ್ಳುತ್ತಾರೆ. ಆ ಗುಂಪಿನಲ್ಲಿ ಅವನ ಅಮ್ಮನೂ ಇದ್ದಿರಬಹುದು. ಮಗುವಿಗೆ ಹೊಡೆಯುವಂತಿಲ್ಲ, ಮಾನಸಿಕ ಕಿರುಕುಳವನ್ನೂ ಕೊಡುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಬೆತ್ತ ಕೆಳಗಿಟ್ಟ ಮೇಷ್ಟ್ರುಗಳು ಎಷ್ಟೋ ಜನ ಇದ್ದಾರೆ. ನಾಲಿಗೆಯೂ ಬೆತ್ತವೇ ಎಂದು ಅವರಲ್ಲಿ ಕೆಲವರಿಗೆ ಇನ್ನೂ ಗೊತ್ತಿಲ್ಲ. ನೀನು ಇಟ್ಟಾಗ ಅದು ಹುಡುಗರ ತಮಾಷೆ. ಅವರು ಮೈಕಿನಲ್ಲಿ ಕೂಗಿದ ಮೇಲೆ ಅದು ಶಾಲೆಯೇ ಒಪ್ಪಿದ ಹೆಸರಾಯಿತು. ಈ ಅಂಕಣವನ್ನು ಶಾಲೆಯ ಮೇಷ್ಟ್ರುಗಳು ಯಾರಾದರೂ ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ: ಹಾಜರಿ ಪುಸ್ತಕದಲ್ಲಿ ಇರುವ ಹೆಸರನ್ನೇ ಕರೆಯಿರಿ.

ನಿನ್ನ ಗ್ಯಾಂಗಿನ ವಿಷಯಕ್ಕೂ ಬರುತ್ತೇನೆ. ಫಿನ್ಲೆಂಡಿನಲ್ಲಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಅವರ ಜೊತೆಯವರು 1990ರ ದಶಕದಲ್ಲಿ ಶಾಲಾ ಮಕ್ಕಳನ್ನು ಗಮನಿಸಿ ಒಂದು ಮಾತು ತೋರಿಸಿಕೊಟ್ಟರು. ಕಾಟ ಕೊಡುವವನು, ಪಡುವವನು ಎಂದು ಇಬ್ಬರೇ ಇರುವುದಿಲ್ಲ. ಕೈ ಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ನಿಲ್ಲುವವರು, ಬಿಡಿಸುವವರು ಇರುತ್ತಾರೆ. ಇಡೀ ಕ್ಲಾಸೇ ಅದರಲ್ಲಿ ಇರುತ್ತದೆ. ಆಮೇಲೆ ಆ ದೇಶದ ಶಾಲೆಗಳಲ್ಲಿ ಬಂದ ಕೀವಾ ಎಂಬ ಕಾರ್ಯಕ್ರಮ ನೋಡುವವರನ್ನು, ನಗುವವರನ್ನು ಬದಲಿಸುವುದಕ್ಕೇ ಜಾಸ್ತಿ ಒತ್ತು ಕೊಟ್ಟಿತು. ನಿನ್ನ ಕ್ಲಾಸಿನಲ್ಲಿ ಆ ನಗು ನಿಲ್ಲಿಸುವ ಶಕ್ತಿ ಹೆಡ್‌ಮಾಸ್ಟರಿಗಿಂತ ನಿನಗೆ ಜಾಸ್ತಿ ಇದೆ. ಹುಡುಗರು ನಕ್ಕಿದ್ದೇ ನಿನ್ನ ಮುಖ ನೋಡಿ.

ಹಾಗಾಗಿ ಚಾಕೊಲೇಟ್ ಸಾಕು. ಸ್ಕೌಟ್ಸ್ ಇಷ್ಟವಿದ್ದರೆ ಮಾಡು, ಹೆಸರಿಗಾಗಿ ಮಾಡಬೇಡ. ನಿನಗೆ ನಾನು ಹೇಳುವ ಕೆಲಸ ಒಂದೇ. ಸೋಮವಾರದಿಂದ ಅವನ ನಿಜವಾದ ಹೆಸರು ಹೇಳು. ಅವನ ಎದುರಿಗೆ ಹೋಗಿ ಅಲ್ಲ, ನಿನ್ನ ಗ್ಯಾಂಗಿನ ಮುಂದೆ. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಮೈದಾನದಲ್ಲಿ, ಅವನ ಮಾತು ಬಂದಾಗಲೆಲ್ಲ. ಯಾರಾದರೂ ಹಳೇ ಹೆಸರು ಎತ್ತಿದರೆ 'ಅವನ ಹೆಸರು ಅದಲ್ಲ ಕಣೋ' ಎನ್ನು, ಹೆಸರು ಹೇಳು, ಸುಮ್ಮನಾಗು. ಭಾಷಣ ಬೇಡ. ನಗುತ್ತಾರೆ, ನಗಲಿ. ಸ್ವಾಮೀಜಿ ಎನ್ನುತ್ತಾರೆ, ಅನ್ನಲಿ. ನಿನಗೂ ಈಗ ಒಂದು ಅಡ್ಡಹೆಸರು ಸಿಕ್ಕಿದೆ, ಅದು ಹೇಗೆ ಚುಚ್ಚುತ್ತದೆ ನೋಡು. ಆರನೇ ಕ್ಲಾಸಿನವರು ಕರೆದರೂ ನಿಲ್ಲಿಸಿ ತಿದ್ದು. ಜೋರು ಮಾಡಿ ಅಲ್ಲ. ಅಣ್ಣನ ಹಾಗೆ.

ಅವನ ಹತ್ತಿರ ಹೋಗಿ ಸಾರಿ ಕೇಳಲಾ ಎಂದು ನೀನು ಕೇಳಬಹುದು. ಈಗ ಬೇಡ. ನೀನು ಹತ್ತಿರ ಬಂದರೇ ಅವನ ಎದೆ ಹೊಡೆದುಕೊಳ್ಳುತ್ತದೆ. ಇದೂ ಒಂದು ಆಟ, ಯಾರೋ ಎಲ್ಲಿಂದಲೋ ಮೊಬೈಲಿನಲ್ಲಿ ಹಿಡಿಯುತ್ತಿದ್ದಾರೆ ಎಂದುಕೊಳ್ಳುತ್ತಾನೆ. ನಾಲ್ಕು ಜನರ ಮುಂದೆ ಸಾರಿ ಕೇಳಿದರೆ ಪರವಾಗಿಲ್ಲ ಎನ್ನದೆ ಅವನಿಗೆ ಬೇರೆ ದಾರಿ ಇರುವುದಿಲ್ಲ. ಅವನಿಂದ ಇನ್ನೊಂದನ್ನು ಕಿತ್ತುಕೊಂಡ ಹಾಗೆ ಅದು. ತಡೆಯಲಾಗದಿದ್ದರೆ ಅರ್ಧ ಹಾಳೆಯಲ್ಲಿ ಬರೆದು ಕ್ಲಾಸ್ ಟೀಚರ್ ಕೈಗೆ ಕೊಡು. ಕೊಡಬೇಕೋ ಬೇಡವೋ ಅವರು ನೋಡಿ ತೀರ್ಮಾನಿಸಲಿ. ಉತ್ತರ ಕಾಯಬೇಡ.

ಈ ವರ್ಷ ನಿಮ್ಮ ಶಾಲೆಯಲ್ಲೂ ಒಬ್ಬೊಬ್ಬರನ್ನೇ ಕರೆದು ಹೆಸರು, ಇನಿಶಿಯಲ್, ಹುಟ್ಟಿದ ದಿನ ಸರಿಯಿದೆಯಾ ಎಂದು ತೋರಿಸುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರುವುದು ಅದೇ. ಆಮೇಲೆ ಕಾಲೇಜು, ಕೆಲಸ, ಪಾಸ್‌ಪೋರ್ಟ್, ಎಲ್ಲಿ ಹೋದರೂ ಅದನ್ನೇ ಕೇಳುತ್ತಾರೆ. ಒಂದಕ್ಷರ ತಪ್ಪಿದರೂ ತಿದ್ದಿಸಲು ಅಲೆದಾಡಬೇಕು, ಅದಕ್ಕೇ ಇಷ್ಟು ಎಚ್ಚರ. ಆ ದಿನ ಅವನೂ ಬೆರಳಿಟ್ಟು ತನ್ನ ಹೆಸರು ಓದಿಕೊಳ್ಳುತ್ತಾನೆ. ಆ ಹೆಸರನ್ನು ಶಾಲೆಯಲ್ಲಿ ಒಬ್ಬನಾದರೂ ಬಾಯಿಬಿಟ್ಟು ಕರೆಯುತ್ತಿದ್ದಾನೆ ಎಂದು ಅಷ್ಟರೊಳಗೆ ಅವನ ಕಿವಿಗೆ ಬಿದ್ದಿರಲಿ.

ನಿನ್ನ ಹೆಸರು? ಪರೀಕ್ಷೆಯೊಳಗೆ ಸರಿಹೋಗುತ್ತದೆ ಎಂದು ನಾನು ಮಾತು ಕೊಡಲಾರೆ. ಕೆಲವರು ನಂಬುತ್ತಾರೆ, ಕೆಲವರು ನಂಬುವುದಿಲ್ಲ. ಅದು ನಿನ್ನ ಕೈಯಲ್ಲಿಲ್ಲ. ನಿದ್ದೆಯ ವಿಷಯ ಅಮ್ಮನಿಗೆ ಹೇಳು. ಅಮ್ಮನ ಹತ್ತಿರ ಆಗದಿದ್ದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಎಂದು ಸರ್ಕಾರದ್ದೇ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೂ ಎತ್ತಿಕೊಳ್ಳುತ್ತಾರೆ.

ಮತ್ತೆ ಆ ಬಸ್ಸು. ಯಾವತ್ತಾದರೂ ಒಂದು ದಿನ ಅವನು 8 ಗಂಟೆ 10ರ ಬಸ್ ಹತ್ತಿದರೆ, ಹಿಂದಿರುಗಿ ನೋಡಬೇಡ, ಪಕ್ಕಕ್ಕೆ ಕರೆಯಬೇಡ, ಗ್ಯಾಂಗಿಗೆ ಕಣ್ಸನ್ನೆ ಮಾಡಬೇಡ. ನೀನು ನಿಂತಲ್ಲೇ ನಿಲ್ಲು, ಅವನು ಬೇಕಾದ ಕಡೆ ಕೂರಲಿ. ಆ ದಿನ ನನಗೆ ಇನ್ನೊಂದು ಪತ್ರ ಬರೆ. ಬಸ್ ಹತ್ತಿದವನು ಯಾರು ಎಂದು ಹೆಸರು ಹಾಕಿ ಬರೆ. ನಾನು ಅಚ್ಚು ಹಾಕುವುದಿಲ್ಲ. ನನಗೆ ಅವನ ಹೆಸರು ಗೊತ್ತಾದರೆ ಸಾಕು.