ಥಿಯೇಟರಿಗೆ ತಪ್ಪದೆ ಹೋಗುವ ರೂಢಿ ಮಾಡಿಕೊಳ್ಳುವುದು ಹೇಗೆ?

"ಒಳ್ಳೆ ಸಿನಿಮಾ ಬಂದಾಗ ಹೋಗೋಣ ಅಂದುಕೊಳ್ಳುತ್ತೇನೆ, ಅಷ್ಟರಲ್ಲಿ ಅದನ್ನು ತೆಗೆದುಬಿಟ್ಟಿರುತ್ತಾರೆ. ವರ್ಷಕ್ಕೆ ಎರಡು ಸಲ ಹೋದರೆ ಹೆಚ್ಚು. ನಿಯಮಿತವಾಗಿ ಹೋಗುವವರು ಹೇಗೆ ಹೋಗುತ್ತಾರೆ?" ಎಂದು ಕೇಳಿದ್ದೀರಿ. ತೊಡಕು ನಿಮ್ಮ ಮೊದಲ ಮಾತಿನಲ್ಲೇ ಇದೆ. ಸಿನಿಮಾ ಆರಿಸಿಕೊಂಡು ಆಮೇಲೆ ದಿನ ಹುಡುಕುವವರಿಗೆ ಈ ರೂಢಿ ಹತ್ತುವುದಿಲ್ಲ. ಮೊದಲು ದಿನ ಮತ್ತು ಆಟದ ಹೊತ್ತು ಗೊತ್ತುಮಾಡಿ. ಆ ಹೊತ್ತಿಗೆ ಓಡುತ್ತಿರುವುದರಲ್ಲಿ ಒಂದನ್ನು ಆರಿಸಿ.

ಥಿಯೇಟರಿನವರ ಲೆಕ್ಕ ವಾರದ್ದು. ಮೊದಲ ವಾರಾಂತ್ಯದ ಗಳಿಕೆ ನೋಡಿ ಎರಡನೇ ವಾರದ ಆಟಗಳನ್ನು ಹಂಚುತ್ತಾರೆ. ದೊಡ್ಡ ಪ್ರಚಾರವಿಲ್ಲದ ಸಿನಿಮಾ ಮೊದಲು ಯಾರಿಗೂ ಅನುಕೂಲವಿಲ್ಲದ ಹೊತ್ತಿಗೆ ಸರಿಯುತ್ತದೆ, ಆಮೇಲೆ ಪಟ್ಟಿಯಿಂದಲೇ ಹೋಗುತ್ತದೆ. ಹತ್ತು ಜನ ಚೆನ್ನಾಗಿದೆ ಅನ್ನಲಿ ಎಂದು ಕಾಯುತ್ತ ಕೂತರೆ ನಿಮ್ಮ ಕೈಗೆ ಸಿಗುವುದು ನಿಮಗೆ ಹೋಗಲಾಗದ ಆಟ ಮಾತ್ರ. ಬಿಡುಗಡೆಯಾದ ಮೊದಲ ಏಳು ದಿನದೊಳಗೆ ನೋಡುವುದು ಒಳ್ಳೆಯದು.

ಶುರುವಿಗೆ ಹದಿನೈದು ದಿನಕ್ಕೊಮ್ಮೆ ಸಾಕು. ವಾರಕ್ಕೊಮ್ಮೆ ಅಂದರೆ ಆರಿಸಲು ಏನೂ ಉಳಿಯದ ವಾರಗಳು ಬರುತ್ತವೆ, ಬೇಸರ ಹುಟ್ಟುತ್ತದೆ. ತಿಂಗಳಿಗೊಮ್ಮೆ ಅಂದರೆ ಒಂದು ಸಲ ತಪ್ಪಿದರೂ ನಡುವೆ ಎರಡು ತಿಂಗಳು ಬೀಳುತ್ತದೆ. ಕೆಲಸದ ದಿನದ ಸಂಜೆ ಸಾಧ್ಯವಾದರೆ ಅದನ್ನೇ ಹಿಡಿಯಿರಿ, ಜನ ಕಡಿಮೆ, ಒಳ್ಳೆಯ ಸೀಟು ಸಿಗುತ್ತದೆ. ರಾತ್ರಿಯ ಕೊನೆ ಆಟ ಬೇಡ. ಊಟ ಮಾಡಿ ದಣಿದು ಕತ್ತಲಲ್ಲಿ ಕೂತವರಿಗೆ ಎಂಥ ಸಿನಿಮಾ ಆದರೂ ನಿದ್ದೆ ಬರುತ್ತದೆ, ತಪ್ಪು ಸಿನಿಮಾದ್ದು ಅನ್ನಿಸಿಬಿಡುತ್ತದೆ.

ಹೊತ್ತಿನ ಲೆಕ್ಕ ಸರಿಯಾಗಿ ಹಾಕಿ. ಸಿನಿಮಾದ ಅವಧಿ, ಅದಕ್ಕೆ ಮುಂಚಿನ ಜಾಹೀರಾತು ಮತ್ತು ಟ್ರೇಲರ್‌ಗಳಿಗೆ 20 ನಿಮಿಷ, ಹೋಗಿಬರುವ ದಾರಿ, ಸೀಟು ಹುಡುಕಿ ಕೂರಲು 10 ನಿಮಿಷ. ಎರಡು ಗಂಟೆಯ ಸಿನಿಮಾ, ಅರ್ಧ ಗಂಟೆಯ ದಾರಿ ಎಂದರೆ ಮೂರೂವರೆ ಗಂಟೆ ಬೇಕು. ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ ಎಂದು ಹೊರಟವರು ಎರಡು ಸಲಕ್ಕೇ ಸಾಕಪ್ಪಾ ಅನ್ನುತ್ತಾರೆ. ಮನೆಯವರ ಮುನಿಸೂ ಹೆಚ್ಚಾಗಿ ಇಲ್ಲಿಂದಲೇ ಶುರುವಾಗುತ್ತದೆ.

ಜೊತೆ ಹುಡುಕಬೇಡಿ. ಇಬ್ಬರ ಬಿಡುವು, ಇಬ್ಬರ ರುಚಿ, ಇಬ್ಬರ ದಾರಿ ಕೂಡಿಬರುವುದರಲ್ಲಿ ಆ ವಾರ ಮುಗಿದಿರುತ್ತದೆ. ನಿಮ್ಮ ಟಿಕೆಟನ್ನು ಹಿಂದಿನ ದಿನವೇ ಕಾಯ್ದಿರಿಸಿ, ಆಮೇಲೆ "ಇಂಥ ಆಟಕ್ಕೆ ಹೋಗುತ್ತಿದ್ದೇನೆ, ಬರುವುದಾದರೆ ಬನ್ನಿ" ಎಂದು ಹೇಳಿ. ಬಂದರೆ ಸಂತೋಷ. ಒಬ್ಬರೇ ಸಿನಿಮಾ ನೋಡುವುದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ, ದೀಪ ಆರಿದ ಮೇಲೆ ಎಲ್ಲರೂ ಒಬ್ಬರೇ.

ಸೀಟಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಮನೆಯ ಟಿವಿಗೂ ಥಿಯೇಟರಿಗೂ ವ್ಯತ್ಯಾಸ ಗೊತ್ತಾಗುವುದು ಇಲ್ಲೇ. ತುಂಬ ಜನ ಕೊನೆಯ ಸಾಲು ಹಿಡಿಯುತ್ತಾರೆ. ಅಲ್ಲಿ ಪರದೆ ಚಿಕ್ಕದಾಗಿ ಕಾಣುತ್ತದೆ, ಹಿಂಗೋಡೆಯ ಸ್ಪೀಕರ್‌ಗಳು ನೆತ್ತಿಯ ಮೇಲೇ ಇರುತ್ತವೆ. ಮಾತು ಬರುವುದು ಪರದೆಯ ಹಿಂದೆ ನಡುವೆ ಇಟ್ಟ ಸ್ಪೀಕರಿನಿಂದ, ಪರದೆಯಲ್ಲಿರುವ ಸಣ್ಣ ಸಣ್ಣ ತೂತುಗಳ ಮೂಲಕ. ಹಿಂದಿನ ಅಥವಾ ಪಕ್ಕದ ಸ್ಪೀಕರಿಗೆ ತೀರಾ ಹತ್ತಿರ ಕೂತರೆ ಮಳೆಯ ಸದ್ದು, ಗುಂಪಿನ ಗದ್ದಲವೇ ಮುಂದಾಗಿ ಮಾತು ಹಿಂದೆ ಬೀಳುತ್ತದೆ. ಪರದೆಯ ಅಗಲದ ಒಂದೂಕಾಲರಿಂದ ಒಂದೂವರೆ ಪಟ್ಟು ದೂರದಲ್ಲಿ, ಸಾಲಿನ ಮಧ್ಯದಲ್ಲಿ ಕೂತುಕೊಳ್ಳಿ. ಅಳೆಯುವುದು ಸುಲಭ: ಕೈಯನ್ನು ಮುಂದಕ್ಕೆ ಪೂರ್ತಿ ಚಾಚಿ ಬೆರಳು ಅಗಲಿಸಿ, ಪರದೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಚ್ಚುಕಡಿಮೆ ಎರಡು ಗೇಣು ಬರಬೇಕು. ಒಂದೇ ಗೇಣು ಬಂದರೆ ದೂರವಾಯಿತು. ಮೂರು ಬಂದರೆ ಕುತ್ತಿಗೆ ತಿರುಗಿಸಬೇಕಾಗುತ್ತದೆ. ಹೆಚ್ಚಿನ ಕಡೆ ಈ ಜಾಗ ನಡುಸಾಲಿಗಿಂತ ಒಂದೆರಡು ಸಾಲು ಹಿಂದೆ ಬೀಳುತ್ತದೆ.

ಒಂದೇ ಕಟ್ಟಡದಲ್ಲಿ ಐದಾರು ಪರದೆ ಇದ್ದರೆ ಐದಾರೂ ಬೇರೆ ಬೇರೆ. ಹೋದಾಗಲೆಲ್ಲ ಪರದೆಯ ಸಂಖ್ಯೆ, ಸಾಲು, ಸೀಟು ಬರೆದಿಟ್ಟುಕೊಳ್ಳಿ. ಕೆಳಗೆ ಸಿನಿಮಾದ ಬಗ್ಗೆ ಎರಡು ಸಾಲು ಸೇರಿಸಿ. ಅಂಕ ಕೊಡಬೇಡಿ, ನೆನಪಿನಲ್ಲಿ ಉಳಿದ ಒಂದು ದೃಶ್ಯ ಬರೆಯಿರಿ. ಐದಾರು ಸಲ ಹೋಗುವಷ್ಟರಲ್ಲಿ ಯಾವ ಪರದೆಗೆ ಯಾವ ಸಾಲು ಎಂಬುದು ತಾನಾಗಿ ಗೊತ್ತಾಗುತ್ತದೆ.

ಚಿತ್ರ ಮಂಕಾಗಿದ್ದರೆ ಸುಮ್ಮನೆ ಕೂರಬೇಡಿ. ಡಿಜಿಟಲ್ ಪ್ರದರ್ಶನದಲ್ಲಿ ಬಿಳಿ ಪರದೆಯ ಹೊಳಪು 14 ಫುಟ್-ಲ್ಯಾಂಬರ್ಟ್ (ಹೊಳಪನ್ನು ಅಳೆಯುವ ಮಾನ) ಇರಬೇಕು ಎಂಬ ಮಾನದಂಡವಿದೆ. ಪ್ರೊಜೆಕ್ಟರಿನ ದೀಪ ಹಳತಾದಾಗ ಅದು ಇಳಿಯುತ್ತದೆ, 3ಡಿಯಲ್ಲಂತೂ ಇನ್ನೂ ಇಳಿಯುತ್ತದೆ. ಒಂದೇ ಸಿನಿಮಾ ಎರಡೂ ಬಗೆಯಲ್ಲಿ ಸಿಕ್ಕರೆ ನಾನು 2ಡಿಯನ್ನೇ ಹೇಳುತ್ತೇನೆ. ಫೋಕಸ್ ತಪ್ಪಿರುವುದು, ಅಕ್ಷರಗಳು ಪರದೆಯಾಚೆಯ ಕಪ್ಪು ಬಟ್ಟೆಯ ಮೇಲೆ ಬೀಳುವುದು, ಮಾತು ಗುಯ್‌ಗುಟ್ಟುವುದು, ಇವೆಲ್ಲ ಸರಿಪಡಿಸಬಹುದಾದ ದೋಷಗಳು. ಈಗ ಪ್ರೊಜೆಕ್ಟರ್ ಮುಂಚೆಯೇ ತುಂಬಿಸಿಟ್ಟ ಪಟ್ಟಿಯ ಪ್ರಕಾರ ತಾನೇ ಓಡುತ್ತದೆ, ಪ್ರೊಜೆಕ್ಟರ್ ಕೋಣೆಯಲ್ಲಿ ಬಹಳ ಸಲ ಯಾರೂ ಇರುವುದಿಲ್ಲ. ಒಳಗಿನವರು ಎದ್ದುಹೋಗಿ ಹೇಳದಿದ್ದರೆ ಹೊರಗಿನವರಿಗೆ ತಿಳಿಯುವುದೇ ಇಲ್ಲ. ಮೊದಲ ಐದು ನಿಮಿಷದಲ್ಲೇ ಹೋಗಿ ಹೇಳಿ.

ಫೋನನ್ನು ಸದ್ದಿಲ್ಲದಂತೆ ಮಾಡಿದರೆ ಸಾಲದು, ಆರಿಸಿ ಚೀಲದೊಳಗೆ ಇಡಿ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ನಡುವೆ ಒಮ್ಮೆ ಫೋನ್ ನೋಡಿದರೆ ಮಂದ ಬೆಳಕಿನ ದೃಶ್ಯಗಳು ಸ್ವಲ್ಪ ಹೊತ್ತು ಬರಿಯ ಕಪ್ಪಾಗಿ ಕಾಣುತ್ತವೆ. ಅಕ್ಕಪಕ್ಕದವರಿಗೂ ಅದು ಕಿರಿಕಿರಿ.

ಹೊಸಬರು ಕೈಬಿಡುವುದು ಸಾಮಾನ್ಯವಾಗಿ ಸಾಲಾಗಿ ಎರಡು ಕೆಟ್ಟ ಸಿನಿಮಾ ನೋಡಿದಾಗ. ಇದನ್ನು ತಪ್ಪಿಸಲು ಸರದಿ ಇಟ್ಟುಕೊಳ್ಳಿ: ಒಂದು ಸಲ ಎಲ್ಲರೂ ಮಾತಾಡುತ್ತಿರುವುದು, ಇನ್ನೊಂದು ಸಲ ನಿಮಗೆ ನಂಬಿಕೆಯಿರುವ ನಿರ್ದೇಶಕರದ್ದು, ಮತ್ತೊಂದು ಸಲ ಏನೂ ಗೊತ್ತಿಲ್ಲದೆ ಹೋಗುವುದು. ಹಳೆಯ ಸಿನಿಮಾಗಳ ಮರುಬಿಡುಗಡೆ, ಫಿಲ್ಮ್ ಸೊಸೈಟಿಗಳ ಪ್ರದರ್ಶನ, ಇವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬರಗಾಲದ ವಾರಗಳನ್ನು ದಾಟಿಸುವುದು ಅವೇ. ತೀರಾ ಸಹಿಸಲಾಗದಿದ್ದರೆ ಅರ್ಧಕ್ಕೆ ಎದ್ದುಬನ್ನಿ, ಆದರೆ ಮುಂದಿನ ಸರದಿಯನ್ನು ಮಾತ್ರ ಬಿಡಬೇಡಿ.

ಒಂದು ಸಲ ತಪ್ಪಿದರೆ? ಚಿಂತೆಯಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನನಿತ್ಯದ ಕೆಲಸವೊಂದು ರೂಢಿಯಾಗಲು 18ರಿಂದ 254 ದಿನ ಹಿಡಿಯಬಹುದೆಂದು ಕಂಡುಬಂತು. ನಡುವೆ ಒಂದು ದಿನ ಬಿಟ್ಟುಹೋದದ್ದರಿಂದ ಹೆಚ್ಚೇನೂ ಕೆಡಲಿಲ್ಲ. ಅದು ದಿನವೂ ಮಾಡುವ ಕೆಲಸದ ಮಾತು. ಹದಿನೈದು ದಿನಕ್ಕೊಮ್ಮೆ ಮಾಡುವುದು ಅಷ್ಟು ಬೇಗ ತಾನಾಗಿ ನಡೆಯುವುದಿಲ್ಲ, ಹಾಗಾಗಿ ಮನಸ್ಸನ್ನು ನೆಚ್ಚದೆ ಕ್ಯಾಲೆಂಡರಿನಲ್ಲಿ ಮುಂದಿನ ಆರು ದಿನಾಂಕಗಳನ್ನು ಈಗಲೇ ಗುರುತುಹಾಕಿ.

ತಿಂಗಳ ಪಾಸ್ ಸಿಗುವ ಕಡೆ ಇದ್ದರೆ ಅದನ್ನು ಮೊದಲ ದಿನವೇ ಕೊಳ್ಳಬೇಡಿ. ಮೂರು ತಿಂಗಳಾದ ಮೇಲೆ ನಿಮ್ಮ ಟಿಪ್ಪಣಿ ನೋಡಿ, ತಿಂಗಳಿಗೆ ನಿಜವಾಗಿ ಎಷ್ಟು ಸಲ ಹೋದಿರಿ ಎಣಿಸಿ, ಪಾಸಿನ ಬೆಲೆಯನ್ನು ಅದರಿಂದ ಭಾಗಿಸಿ. ಬಂದದ್ದು ಒಂದು ಟಿಕೆಟಿನ ಬೆಲೆಗಿಂತ ಕಡಿಮೆಯಿದ್ದು, ನೀವು ಹೋಗುವ ದಿನ ಮತ್ತು ಆಟಕ್ಕೆ ಆ ಪಾಸ್ ನಡೆಯುವುದಾದರೆ ಮಾತ್ರ ತೆಗೆದುಕೊಳ್ಳಿ.